ಉಣ್ಣುವ ಮಗ್ಗಿ

ಮೂವತ್ತೊಂದು ವರ್ಷ ನಾನು ಸೋಮವಾರ ಹಗಲು ಹೊತ್ತಿನಲ್ಲಿ ರೊಟ್ಟಿ ಮುರಿದವಳಲ್ಲ. ನಮ್ಮವರು ಲಿಂಗೈಕ್ಯರಾದ ವರ್ಷ ಹಿಡಿದ ವ್ರತ. ಬೆಳಿಗ್ಗೆ ಅರ್ಧ ಕಪ್ ಚಹಾ, ಆಮೇಲೆ ಸಂಜೆ ದೀಪ ಹಚ್ಚಿ ಲಿಂಗಪೂಜೆ ಮುಗಿಸಿದ ಮೇಲೆಯೇ ಊಟ. ವರ್ಷಕ್ಕೆ ಐವತ್ತೆರಡರಂತೆ ಸಾವಿರದ ಆರುನೂರ ಹನ್ನೆರಡು ಸೋಮವಾರ. ಅದರಲ್ಲಿ ವಿಷಮಜ್ವರ ಬಂದಾಗ ಡಾಕ್ಟರರು ಗದರಿಸಿ ಗಂಜಿ ಕುಡಿಸಿದ ಮೂರನ್ನು ಕಳೆಯಿರಿ. ಸಾವಿರದ ಆರುನೂರ ಒಂಬತ್ತು ಉಳಿಯುತ್ತವೆ. ಸುಳ್ಳು ಲೆಕ್ಕ ನನಗೆ ಆಗುವುದಿಲ್ಲ.

ಇಷ್ಟು ಗಟ್ಟಿ ವ್ರತವನ್ನು ಮಗನ ಮದುವೆ ಮುರಿಯಲಿಲ್ಲ, ಹುನಗುಂದದ ಬೀಗರ ಮನೆಯ ಹೋಳಿಗೆ ಮುರಿಯಲಿಲ್ಲ. ಮುರಿದದ್ದು ಫ್ರೆಂಚ್ ಭಾಷೆಯ ಒಂದು ಕ್ರಿಯಾಪದ. (ಇಳಕಲ್ಲಿನ ಕುಣಿಮಗ್ಗದ ಮನೆಗೂ ಫ್ರೆಂಚ್ ಕ್ರಿಯಾಪದಕ್ಕೂ ಏನು ಬೀಗತನ ಎಂದು ಕೇಳುವವರು ಸ್ವಲ್ಪ ತಡೆದುಕೊಳ್ಳಿ. ನಾನು ಮುದುಕಿ, ಎಳೆ ಹಿಡಿದರೆ ಒಂದೊಂದಾಗಿಯೇ ಬರುತ್ತೇನೆ.)

ಎಂಬತ್ತಮೂರನೆಯ ಇಸವಿಯ ದೀಪಾವಳಿ ರಜೆ. ನನ್ನ ಮೊಮ್ಮಗಳು ಬಾಗಲಕೋಟೆಯಿಂದ ಬಂದಿದ್ದಳು. ಅಲ್ಲಿ ಸೋದರಮಾವನ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಾಳೆ. ಅವಳ ಹೆಸರು, ನಿಮಗಾಗಿ ಒಮ್ಮೆ ಮಾತ್ರ ಹೇಳುತ್ತೇನೆ, ಗುರುಲಿಂಗವ್ವ. ನನ್ನ ಅತ್ತೆಯ ಹೆಸರು ಅದು. ಅತ್ತೆಯ ಹೆಸರನ್ನು ಸೊಸೆ ಬಾಯಿಂದ ಎತ್ತಬಾರದಲ್ಲ, ಅದಕ್ಕೆ ನಾನು ಆ ಹುಡುಗಿಯನ್ನು ‘ಅತ್ತೆವ್ವ’ ಎಂದೇ ಕರೆಯುತ್ತೇನೆ. ನನ್ನ ಸೊಸೆ ಚಂದವ್ವ ನನ್ನನ್ನು ‘ಅತ್ತಿ’ ಎನ್ನುತ್ತಾಳೆ. ಹೀಗಾಗಿ ನಮ್ಮ ಮನೆಯಲ್ಲಿ ಯಾರಾದರೂ ‘ಅತ್ತೀ’ ಎಂದು ಕೂಗಿದರೆ ಒಬ್ಬಳು ಹದಿನೇಳರವಳು, ಒಬ್ಬಳು ಅರವತ್ತಾರರವಳು, ಇಬ್ಬರೂ ‘ಓ’ ಎನ್ನುತ್ತೇವೆ.

ಆ ಸಲ ಹುಡುಗಿ ಚೀಲದ ತಳದಲ್ಲಿ ಬಚ್ಚಿಟ್ಟು ತಂದಿದ್ದ, ಕಾಲೇಜಿನ ಪಾಠ ಬರೆಯುವ ಒಂದು ವಹಿ ಅವಳಪ್ಪನ ಕೈಗೆ ಸಿಕ್ಕಿತು. ಅವಳಪ್ಪ ಎಂದರೆ ನನ್ನ ಮಗ ಅಮಾತೆಪ್ಪ. ಕಾಲೇಜಿನಲ್ಲಿ ಹೊಸದಾಗಿ ಫ್ರೆಂಚ್ ಭಾಷೆ ಹಾಕಿದ್ದರು. ಅಂಕ ಚೆನ್ನಾಗಿ ಬೀಳುತ್ತವೆ ಎಂದು ಯಾರೋ ಹೇಳಿದ್ದನ್ನು ನಂಬಿ ಇವಳು ಅದನ್ನು ಆರಿಸಿಕೊಂಡಿದ್ದಳು. ಬಾಯಿ ಪರೀಕ್ಷೆಯಲ್ಲಿ ಬಿದ್ದದ್ದು ಇಪ್ಪತ್ತಕ್ಕೆ ನಾಲ್ಕು. ಕೆಳಗೆ ಕೃಷ್ಣಾಜಿ ಮಾಸ್ತರರು ಕೆಂಪು ಶಾಯಿಯಲ್ಲಿ ಕನ್ನಡದಲ್ಲೇ ಬರೆದಿದ್ದರು: ‘ಶಬ್ದಗಳನ್ನು ನುಂಗುತ್ತಾಳೆ. ಒಂದೊಂದು ಕ್ರಿಯಾಪದವನ್ನೂ ತುಂಡು ತುಂಡು ಮಾಡಿ ದಿನಾಲು ಅನ್ನಿಸಬೇಕು.’

ಅಮಾತೆಪ್ಪ ಕಾಲು ಇಳಿಬಿಟ್ಟು ಕೂತಿದ್ದ ಮಗ್ಗದ ಕುಣಿಯಿಂದಲೇ ಗುಡುಗಿದ. “ಇಪ್ಪತ್ತರಾಗ ನಾಕು! ಈ ಇಳಕಲ್ಲಾಗ, ಹುನಗುಂದದಾಗ, ಬಾಗಲಕೋಟ್ಯಾಗ ಒಬ್ಬ ಮನಷ್ಯಾಗರ ಈ ಭಾಷಾ ತಿಳೀತೈತೇನು?”

“ಮಾಸ್ತರಿಗೆ ತಿಳೀತೈತ್ಯಪ್ಪಾ,” ಎಂದಳು ಹುಡುಗಿ ಸಣ್ಣ ದನಿಯಲ್ಲಿ.

“ಅವರಿಗೆ ಪಗಾರ ಕೊಡ್ತಾರ, ತಿಳೀತೈತಿ! ಪುಕ್ಕಟ ತಿಳಿಯೂ ಒಬ್ಬ ಮನಷ್ಯಾನ್ನ ತೋರಸು, ಕಾಲೇಜಿಗೆ ಹೋಗು. ಇಲ್ಲಾಂದ್ರ ರಜಾ ಮುಗದ ಮ್ಯಾಲೆ ಬಸ್ ಹತ್ತೂದಿಲ್ಲ. ಎರಡನೇ ಮಗ್ಗ ಖಾಲಿ ಬಿದ್ದೈತಿ, ಅದಕ್ಕ ಕುಂಡ್ರು.”

ಅವನದೂ ತಪ್ಪಿಲ್ಲ. ನಮ್ಮ ಎರಡನೇ ಮಗ್ಗಕ್ಕೆ ಕೂಡುತ್ತಿದ್ದ ಪಾಂಡಪ್ಪ ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸಕ್ಕೆ ಹೋಗಿ ಎರಡು ತಿಂಗಳಾಗಿತ್ತು. ಹಾಸಿನ ಉದ್ದೆಳೆ ಏರಿಸಿದ ಮಗ್ಗ ಹಾಗೇ ಧೂಳು ತಿನ್ನುತ್ತಿತ್ತು. ಆದರೆ ಹುಡುಗಿಯ ಕಣ್ಣಲ್ಲಿ ನೀರು ತುಂಬಿದ್ದು ನೋಡಿ ನನ್ನ ಬಾಯಿ ನನ್ನನ್ನು ಕೇಳದೆ ಮುಂದೆ ಹೋಯಿತು.

“ಅಳಬ್ಯಾಡ ಅತ್ತೆವ್ವ. ನಾ ಕಲಸ್ತೇನಿ.”

ಚಂದವ್ವ ಒಳಗಿಂದ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಇಂಥದ್ದು ತಪ್ಪಿಸಿಕೊಳ್ಳುವವಳಲ್ಲ. “ಅತ್ತೀ, ನಿಮಗ ಕನ್ನಡಾನ ಬೆರಳಿಟ್ಟು ಓದಾಕ ಬರತೈತಿ. ಫ್ರೆಂಚ್ ಕಲಸ್ತೀರಿ?”

“ಅದಕ್ಕ ಕಲಸ್ತೇನಿ,” ಎಂದೆ. “ಬೆರಳಿಟ್ಟು ಓದವರು ಯಾವುದನ್ನೂ ನುಂಗೂದಿಲ್ಲವ್ವ. ನುಂಗೂದೆಲ್ಲಾ ಭಾಳ ಕಲತವರ ಕೆಲಸ.”

ಇದು ಬರೀ ಜಂಬವಲ್ಲ. ನಾನು ಐವತ್ತು ವರ್ಷ ಮಾಡಿದ್ದು ಎಳೆ ಕೂಡಿಸುವ ಕೆಲಸ. ಮಗ್ಗದ ಮೇಲಿನ ಹಳೆಯ ಹಾಸು ತೀರುತ್ತ ಬಂದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳ ತುದಿಯಲ್ಲಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಒಂದು ಬಿಟ್ಟರೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ನನ್ನ ಅತ್ತೆ (ಸತ್ತವಳು, ಕಾಲೇಜಿನವಳಲ್ಲ) ಇದನ್ನು ಕಲಿಸುವಾಗ ಒಂದು ಕಟ್ಟಳೆ ಹಾಕಿದ್ದಳು: ಎಣಿಕೆ ಹಿಡಿದರೆ ತುದಿ ಮುಟ್ಟಿಸಬೇಕು. ನಡುವೆ ಯಾರು ಕರೆದರೂ ಓ ಅನ್ನಬಾರದು, ಮನೆಗೆ ಬೆಂಕಿ ಬಿದ್ದರೂ ಸಾಲು ಮುಗಿಸಿಯೇ ಏಳಬೇಕು. ಎಣಿಕೆ ಮುರಿದರೆ ಮತ್ತೆ ಒಂದರಿಂದ. ಮಕ್ಕಳು ಮಗ್ಗಿ ಅನ್ನುವಾಗಲೂ ನಮ್ಮ ಮನೆಯಲ್ಲಿ ಅದೇ ಕಾನೂನು. ಐದರ ಮಗ್ಗಿಯನ್ನು ಐದೇಳಕ್ಕೆ ನಿಲ್ಲಿಸಿದವರಿಗೆ ಆ ಹೊತ್ತಿನ ಊಟವಿಲ್ಲ. (ಮಗ್ಗದ ಮನೆಯಲ್ಲಿ ಮಗ್ಗಿಗೆ ಬರವೇ?)

ಮರುದಿನ ಬೆಳಿಗ್ಗೆ ಶಾಲೆ ಶುರುವಾಯಿತು. ಖಾಲಿ ಮಗ್ಗದ ಕುಣಿಯಲ್ಲಿ ಹುಡುಗಿಯನ್ನು ಇಳಿಸಿದೆ. ಮಗ್ಗದ ಕೆಳಗೆ ತುಳಿಯುವ ಎರಡು ಹಲಗೆ ಇರುತ್ತವಲ್ಲ, ಶಬ್ದದ ಒಂದೊಂದು ತುಂಡಿಗೂ ಒಂದೊಂದು ಹಲಗೆ ತುಳಿಯಬೇಕು. ಒಂದು ತುಂಡಿನ ಶಬ್ದಕ್ಕೆ ಎಡಗಾಲು, ಎರಡನೆಯ ತುಂಡು ಬಂದರೆ ಬಲಗಾಲು, ಮೂರನೆಯದಕ್ಕೆ ಮತ್ತೆ ಎಡಗಾಲು. ನಾನು ಪಕ್ಕದಲ್ಲಿ ಹುಣಸೆ ಬೀಜ ಇಟ್ಟುಕೊಂಡು ಕೂತೆ. ಒಂದು ತುಂಡಿಗೆ ಒಂದು ಬೀಜ. ಕಾಲಿನ ಸಪ್ಪಳಕ್ಕೂ ಬೀಜಕ್ಕೂ ತಾಳೆಯಾಗದಿದ್ದರೆ ಮತ್ತೆ ಒಂದರಿಂದ.

ಮಾತಾಡುವ ಕ್ರಿಯಾಪದವನ್ನು ಮೊದಲು ಬಿಡಿಸಿದೆವು. ‘ನಾನು’ ಇದ್ದಾಗ ‘ಪಾರ್ಲ್’, ಒಂದೇ ತುಂಡು. ‘ನಾವು’ ಬಂದರೆ ‘ಪಾರ್-ಲೊಂ’, ಎರಡು. ಮುಗಿಸುವ ಕ್ರಿಯಾಪದ ‘ನಾವು’ ಬಂದಾಗ ‘ಫಿ-ನಿ-ಸೊಂ’, ಮೂರು. ಹುಡುಗಿ ಮೊದಲೆಲ್ಲ ಇದನ್ನು ‘ಫ್ಸೊಂ’ ಎಂದು ಒಂದೇ ಗುಟುಕಿಗೆ ಮುಗಿಸುತ್ತಿದ್ದಳು. ಮಾಸ್ತರರು ನಾಲ್ಕು ಅಂಕ ಕೊಟ್ಟದ್ದೇ ದೊಡ್ಡ ಮನಸ್ಸು.

ಆಮೇಲೆ ಬಂತು ಉಣ್ಣುವ ಕ್ರಿಯಾಪದ. ಒಟ್ಟು ಆರು ಸಾಲು:

ಜ ಮಾಂಜ್. ತು ಮಾಂಜ್. ಇಲ್ ಮಾಂಜ್. ನು ಮಾಂ-ಜೊಂ. ವು ಮಾಂ-ಜೇ. ಇಲ್ ಮಾಂಜ್.

ನಾನು ಉಣ್ಣುತ್ತೇನೆ, ನೀನು ಉಣ್ಣುತ್ತೀ, ಅವನು ಉಣ್ಣುತ್ತಾನೆ, ನಾವು ಉಣ್ಣುತ್ತೇವೆ, ನೀವು ಉಣ್ಣುತ್ತೀರಿ, ಅವರು ಉಣ್ಣುತ್ತಾರೆ. ನಾನು ಪುಸ್ತಕದ ಮೇಲೆ ಬೆರಳಿಟ್ಟು ಅಕ್ಷರಗಳನ್ನು ಎಳೆಯಂತೆ ಎಣಿಸಿದೆ. ಕೊನೆಯ ಸಾಲಿನ ‘ಮಾಂಜ್’ನಲ್ಲಿ ಏಳು ಅಕ್ಷರ.

“ಅತ್ತೆವ್ವ, ಏಳು ಅಕ್ಷರ ಬರದಾರ, ಒಂದ ತುಂಡು ಅಂತಿ. ಉಳದವು ಏನ್ ಮಾಡಾಕತ್ತಾವ?”

“ಅವು ಸುಮ್ನ ಕುಂತಾವ ಆಯಿ.”

“ನಮ್ಮ ಮನ್ಯಾಗ ಹಂಗ ಸುಮ್ನ ಕುಂಡ್ರಾಕ ಯಾರನ್ನೂ ಬಿಟ್ಟಿಲ್ಲಲ್ಲ!”

“ಅವು ಬೀಗರ ಕೂಡ ದಿಬ್ಬಣಕ್ಕ ಬಂದ ಮಂದಿ ಇದ್ಧಂಗ ಆಯಿ. ಎಣಿಕಿಗೆ ಇರ್ತಾವ, ಮಾತಿಗೆ ಬರೂದಿಲ್ಲ.”

ಇದು ನನಗೆ ಕೂಡಲೇ ತಿಳಿಯಿತು. ಅಂಥವರನ್ನು ನಾನು ಬಹಳ ಮದುವೆಗಳಲ್ಲಿ ಕಂಡಿದ್ದೇನೆ. ಮೂರನೆಯ ಸಾಲಿಗೂ ಆರನೆಯ ಸಾಲಿಗೂ ಕಿವಿಗೆ ಏನೂ ಭೇದವಿಲ್ಲ ಎನ್ನುವುದು ಮಾತ್ರ ನನಗೆ ಒಗ್ಗಲಿಲ್ಲ. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಸಾಲಿಗೆ ತಕ್ಕಂತೆ ಕೈ ತೋರಿಸುವುದು. ‘ನಾನು’ ಎಂದರೆ ಎದೆ ಮುಟ್ಟಿಕೊಳ್ಳುವುದು, ‘ನೀನು’ ಎಂದರೆ ಎದುರಿಗಿದ್ದವರ ಕಡೆ ಬೆರಳು, ‘ಅವನು’ ಎಂದರೆ ಮಗ್ಗದಲ್ಲಿದ್ದ ಅಮಾತೆಪ್ಪ, ‘ನಾವು’ ಎಂದರೆ ಕೈಯಿಂದ ಒಂದು ಸುತ್ತು, ‘ನೀವು’ ಎಂದರೆ ಪಡಸಾಲೆಯುದ್ದಕ್ಕೂ, ‘ಅವರು’ ಎಂದರೆ ಬಾಗಿಲಾಚೆ ಬೀದಿ. ಹೀಗೆ ಮೂರನೆಯ ಸಾಲಿಗೆ ನನ್ನ ಮಗ, ಆರನೆಯದಕ್ಕೆ ಇಡೀ ಇಳಕಲ್ಲು ಆಯಿತು.

ಒಂಬತ್ತು ದಿನದಲ್ಲಿ ನಮ್ಮ ಮನೆ ಫ್ರಾನ್ಸ್ ಆಗಿಹೋಯಿತು. ಓಣಿಯಾಚೆಯ ಗುಲಾಬಬಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ ಕೊಡಲು ಬಂದವಳು ಬಾಗಿಲಲ್ಲೇ ನಿಂತು, “ಅಕ್ಕಾ, ಹುಡುಗಿಗೆ ಏನರ ಬಡಕೊಂಡೈತೇನು? ಮಂತ್ರ ಹಾಕಿಸಾಕತ್ತೀರಿ?” ಎಂದು ಕೇಳಿದಳು. ಅಮಾತೆಪ್ಪ ತಲೆಗೆ ಟವೆಲು ಸುತ್ತಿ ಕಿವಿ ಮುಚ್ಚಿಕೊಂಡ. ಅವನ ಕಾಲು ಮಾತ್ರ ಆಗಾಗ ನಮ್ಮ ತಾಳಕ್ಕೇ ಬೀಳುತ್ತಿತ್ತು. ನಾನು ನೋಡಿಯೂ ನೋಡದ ಹಾಗೆ ಇದ್ದೆ.

ಶನಿವಾರ ಹುಡುಗಿ ಪುಟ ತಿರುವಿದಳು. “ಆಯಿ, ಮುಂದಿನ ಪಾಠ ‘ಇಲ್ಲ’ ಅನ್ನೂದು. ಉಣ್ಣೂದಿಲ್ಲ, ಮಾತಾಡೂದಿಲ್ಲ ಅನ್ನೂ ಹಂಗ. ಅವತ್ತ ನನಗ ಜ್ವರ ಬಂದು ಕಾಲೇಜಿಗೆ ಹೋಗಿದ್ದಿಲ್ಲ. ಈಗ ಕಲಿಯೋಣೇನು?”

“ಮದಲ ಇದು ಗಟ್ಟಿಯಾಗಲಿ,” ಎಂದೆ. “ಉಣ್ಣಾಕ ಬರದಾಕಿಗೆ ಉಣ್ಣೂದಿಲ್ಲ ಅನ್ನೂದು ಯಾಕ ಬೇಕು? ಅವಸರ ಮಾಡಬ್ಯಾಡ.”

ಈ ಮಾತನ್ನು ನೆನಪಿಡಿ. ನಾನಂತೂ ಮರೆತಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಬಾಗಿಲ ಮುಂದೆ ಮೆಟಾಡೋರ್ ನಿಂತಿತು. ಗುಲಾಬಬಿಯ ಮಗ ಖಾದರಬಾಷಾ ಬಾದಾಮಿಯಲ್ಲಿ ಬಾಡಿಗೆ ಗಾಡಿ ಓಡಿಸುತ್ತಾನೆ. ಗುಹೆಗಳ ಮೇಣಬಸದಿ ನೋಡಲು ಬಂದವರನ್ನು ಅಲ್ಲಿ ಇಲ್ಲಿ ತಿರುಗಿಸುವುದು ಅವನ ಕಸುಬು. ಅವನ ಹಿಂದೆ ಇಳಿದರು ನೋಡಿ, ಕೆಂಪಗೆ ಬಿಸಿಲಿಗೆ ಬೆಂದ ಎಂಟು ಮಂದಿ. ಐವರು ಹೆಂಗಸರು, ಮೂವರು ಗಂಡಸರು.

“ಅಮಾತೆಪ್ಪಣ್ಣ, ಇವರಿಗೆ ಇಳಕಲ್ ಸೀರಿ ನೇಯೂದು ನೋಡಬೇಕಂತ. ಹತ್ತ ಮಿನಿಟ ಅಷ್ಟ. ಫ್ರಾನ್ಸ ದೇಶದವರು.”

ಲಾಳಿ ನಿಂತಿತು. ಅಮಾತೆಪ್ಪ ನನ್ನ ಮುಖ ನೋಡಿದ, ನಾನು ಹುಡುಗಿಯ ಮುಖ ನೋಡಿದೆ, ಹುಡುಗಿ ಹಿತ್ತಲ ಬಾಗಿಲು ನೋಡಿದಳು.

“ಬಾ ಇಲ್ಲಿ,” ಎಂದ ಅಮಾತೆಪ್ಪ ಮಗಳಿಗೆ, ಬಹಳ ಮೆತ್ತಗೆ. ಅವನು ಗುಡುಗಿದರೆ ನನಗೆ ಭಯವಿಲ್ಲ, ಮೆತ್ತಗಾದರೆ ಭಯ. “ದೇವರ ಎಂಟ ಮಂದಿ ಕಳಿಸ್ಯಾನ. ಒಬ್ಬರಿಗರ ನಿನ್ನ ಮಾತು ತಿಳೀತಂದ್ರ ನಾಳಿದ್ದು ಬಸ್ಸಿಗೆ ನಾನ ಕುಂಡ್ರಸ್ತೇನಿ. ತಿಳೀಲಿಲ್ಲಂದ್ರ ಮಗ್ಗ. ಹೂಂ, ಮಾತಾಡು.”

ಅವರೊಳಗೆ ಹಿರಿಯಳೊಬ್ಬಳು, ನನ್ನ ವಾರಿಗೆಯವಳೇ, ಬಿಳಿ ಕೂದಲಿಗೆ ಹುಲ್ಲಿನ ಟೊಪ್ಪಿಗೆ ಹಾಕಿಕೊಂಡಿದ್ದಳು. ಹುಡುಗಿಯ ಕೈಯಲ್ಲಿ ಫ್ರೆಂಚ್ ಪುಸ್ತಕ ನೋಡಿ ಅವಳಿಗೆ ಹಿಗ್ಗೋ ಹಿಗ್ಗು. ಹತ್ತಿರ ಬಂದು ಏನೋ ಉದ್ದವಾದದ್ದನ್ನು ಕೇಳಿದಳು. ನಮ್ಮ ಹುಡುಗಿ ಬಾಯಿ ತೆರೆದಳು. ಏನೂ ಬರಲಿಲ್ಲ. ಮತ್ತೆ ತೆರೆದಳು. ಒಂದು ತುಂಡೂ ಇಲ್ಲ. ಒಂಬತ್ತು ದಿನದ ಹುಣಸೆ ಬೀಜ ಎಲ್ಲ ಎಲ್ಲಿ ಹೋದವೋ! ಅಮಾತೆಪ್ಪ ಎರಡನೇ ಮಗ್ಗದ ಮೇಲಿನ ಧೂಳನ್ನು ಟವೆಲಿನಿಂದ ಹೊಡೆಯತೊಡಗಿದ.

ನನಗೆ ತಡೆಯಲಾಗಲಿಲ್ಲ. ಮಗ್ಗಿ ಮರೆತ ಮಗುವಿಗೆ ಹಿರಿಯರು ಮೊದಲ ಸಾಲು ಎತ್ತಿ ಕೊಡುತ್ತಾರೆ, ಮಗು ಹಿಡಿದುಕೊಂಡು ಮುಂದೆ ಹೋಗುತ್ತದೆ. ಅಷ್ಟೇ ಮಾಡಬೇಕೆಂದು ನಾನು ಮುಂದೆ ಬಂದೆ. ಬೆಳಿಗ್ಗೆಯಷ್ಟೇ ಅಂದ ಕ್ರಿಯಾಪದ ನಾಲಗೆಯ ತುದಿಯಲ್ಲೇ ಇತ್ತು. ಎದೆ ಮುಟ್ಟಿಕೊಂಡು ಅಂದೆ:

“ಜ ಮಾಂಜ್.”

ಹುಡುಗಿ ಹಿಡಿದುಕೊಳ್ಳಲಿಲ್ಲ. ಮತ್ತೇನು ಮಾಡಲಿ? ಎಣಿಕೆ ಹಿಡಿದಾಗಿತ್ತು. ಹಿಡಿದರೆ ತುದಿ ಮುಟ್ಟಿಸಬೇಕು. ಹಿರಿಯಳ ಕಡೆ ಬೆರಳು ಮಾಡಿ, “ತು ಮಾಂಜ್.” ಅಮಾತೆಪ್ಪನ ಕಡೆ, “ಇಲ್ ಮಾಂಜ್.” ಕೈಯಿಂದ ಒಂದು ಸುತ್ತು, “ನು ಮಾಂ-ಜೊಂ.” ಪಡಸಾಲೆಯುದ್ದಕ್ಕೂ ನಿಂತ ಅಷ್ಟೂ ಮಂದಿಗೆ, “ವು ಮಾಂ-ಜೇ.” ಕೊನೆಗೆ ಬಾಗಿಲಾಚೆ ಗಾಡಿಗೆ ಒರಗಿ ಬೀಡಿ ಸೇದುತ್ತಿದ್ದ ಖಾದರಬಾಷಾನನ್ನೂ ಬಿಡದೆ, “ಇಲ್ ಮಾಂಜ್!”

ತುಂಡು ತಪ್ಪಲಿಲ್ಲ, ಎಳೆ ಬಿಡಲಿಲ್ಲ. ಒಳ್ಳೆಯ ಕೆಲಸ ಮಾಡಿದ ಸಮಾಧಾನದಿಂದ ಸೆರಗು ಸರಿಮಾಡಿಕೊಂಡೆ.

ಹಿರಿಯಳು ಎರಡೂ ಕೈ ಕೆನ್ನೆಗಿಟ್ಟುಕೊಂಡಳು. ಉಳಿದವರ ಕಡೆ ತಿರುಗಿ ಏನೋ ಹೇಳಿದಳು. ಎಲ್ಲರೂ “ಓ!” ಎಂದರು. ಆಮೇಲೆ ಎಂಟೂ ಮಂದಿ ಬೂಟು ಬಿಚ್ಚಿ ಹೊಸ್ತಿಲ ಹೊರಗೆ ಸಾಲಾಗಿ ಇಟ್ಟು, ಪಡಸಾಲೆಯ ಗೋಡೆಗುಂಟ ಚಕ್ಕಂಬಕ್ಕಲು ಹಾಕಿ ಕೂತರು. ಖಾದರಬಾಷಾನೂ ಬೀಡಿ ಆರಿಸಿ ಬಂದು ಒಂಬತ್ತನೆಯವನಾಗಿ ಕೂತ.

“ಯಾಕ ಕುಂತ್ರು ಇವರು?” ಎಂದ ಅಮಾತೆಪ್ಪ.

ಆಗ ಹುಡುಗಿಯ ಬಾಯಿಗೆ ಮಾತು ಬಂತು. ಮೊದಲು ಕನ್ನಡ. “ಆಯೀ! ನೀ ಅಷ್ಟೂ ಮಂದೀನ ಊಟಕ್ಕ ಕರದಿ!”

“ನಾ ಎಲ್ಲೆ ಕರದೆ? ಮಗ್ಗಿ ಅಂದೆ!”

“ನಾ ಉಣ್ತೇನಿ, ನೀ ಉಣ್ತಿ, ನಾವೆಲ್ಲಾರೂ ಉಣ್ತೇವಿ ಅಂತ ಕೈ ಮಾಡಿ ತೋರಿಸಿದ್ರ ಯಾರ ಬಿಡ್ತಾರ?”

ನಾನು ಬೆಪ್ಪಾದೆ. ಎರಡೊಂದ್ಲೆ ಎರಡು ಅನ್ನುವಾಗ ಯಾವ ಎರಡು, ಯಾರ ಎರಡು ಎಂದು ಯಾರಾದರೂ ವಿಚಾರ ಮಾಡುತ್ತಾರೆಯೇ?

ಚಂದವ್ವ ಅಡುಗೆಮನೆಯ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. “ಅತ್ತೀ, ಮನ್ಯಾಗ ರೊಟ್ಟಿ ಎರಡ ಅದಾವ. ಅದೂ ನಿಮ್ಮ ಮಗನ ಪಾಲಿನವು. ಸೋಮಾರ ಅಲ್ಲೇನ್ರಿ?”

ಚಂದವ್ವನೂ ಸೋಮವಾರ ಉಪವಾಸ. ಅವಳು ಹಿಡಿದ ವ್ರತವಲ್ಲ, ನಾನು ಹಿಡಿಸಿದ್ದು. ಹತ್ತೊಂಬತ್ತು ವರ್ಷದಿಂದ ನನ್ನ ಜೊತೆ ಹಸಿದುಕೊಂಡಿದ್ದಳು. ಆದರೆ ಬಂದು ಕೂತವರನ್ನು ಏಳಿಸುವ ಮನೆ ನಮ್ಮದಲ್ಲ. ಗುಲಾಬಬಿ ತನ್ನ ಮನೆಯಿಂದ ಬುಟ್ಟಿ ಬದನೆಕಾಯಿ ತಂದಳು. ಚಂದವ್ವ ಹಿಟ್ಟು ನಾದಿ ರೊಟ್ಟಿ ಬಡಿಯತೊಡಗಿದಳು. ಅವಳು ಬಡಿಯುತ್ತಿದ್ದ ಸಪ್ಪಳ ಕೇಳಿದರೆ ಕೈಯ ಕೆಳಗಿರುವುದು ರೊಟ್ಟಿಯೋ ನಾನೋ ಎಂದು ಸಂಶಯ ಬರುವಂತಿತ್ತು.

ಇತ್ತ ಹೊಟ್ಟೆ ಹಸಿದ ಎಂಟು ಮಂದಿ ಅಡುಗೆಮನೆಯ ಕಡೆ ಇಣುಕಿ ಇಣುಕಿ ನೋಡುತ್ತಿದ್ದರು. ಯಾರಾದರೂ ತಡೆಯಿರಿ ಎಂದು ಹೇಳಬೇಕಲ್ಲ? ಹುಡುಗಿ ಪಡಸಾಲೆಯ ನಡುವೆ ನಿಂತಳು. ಕಣ್ಣು ಮುಚ್ಚಿದಳು. ಮಗ್ಗದ ಹಲಗೆ ತುಳಿದಂತೆ ನೆಲಕ್ಕೆ ಕಾಲು ಬಡಿದಳು, ಎಡ, ಬಲ, ಎಡ:

“ವು ಜಾ-ತಾಂ-ದೇ!”

ನೀವು ತಡೆಯಿರಿ, ಅಂತ. ತುಂಡು ತುಂಡಾಗಿ, ನೀರಿನಷ್ಟು ತಿಳಿಯಾಗಿ. ಎಂಟು ಮಂದಿಯೂ ತಲೆಯಾಡಿಸಿದರು, ಗೋಡೆಗೆ ಒರಗಿದರು, ತಡೆದರು! ಆಮೇಲೆ ನೋಡಿ, ಕೆರೆಯ ತೂಬು ಕಿತ್ತಂತಾಯಿತು. ಹಿರಿಯಳು ಕೇಳುವುದು, ಇವಳು ಹೇಳುವುದು. ಅಪ್ಪ ನೇಯುತ್ತಾನೆ, ಅವ್ವ ಅಡುಗೆ ಮಾಡುತ್ತಾಳೆ, ನಾನು ಓದುತ್ತೇನೆ. ನಡುನಡುವೆ ಕಾಲಿನ ಧಪ್ ಧಪ್. ಅಮಾತೆಪ್ಪ ಧೂಳು ಹೊಡೆಯುವುದನ್ನು ಬಿಟ್ಟು ಟವೆಲು ಹೆಗಲ ಮೇಲೆ ಹಾಕಿಕೊಂಡ. ಅವನಪ್ಪನೂ ಹಾಗೆಯೇ ಇದ್ದರು, ಸೋತಾಗ ಟವೆಲಿನ ಜಾಗ ಬದಲಾಗುತ್ತಿತ್ತು ಅಷ್ಟೇ.

ಒಂದು ತಾಸಿನೊಳಗೆ ಇಪ್ಪತ್ತೇಳು ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಸಿದ್ಧವಾದವು. ಎಲ್ಲರ ಮುಂದೆ ತಾಟು ಬಂದವು. “ಉಣ್ರಿ, ಉಣ್ರಿ” ಎಂದೆ ಕೈ ಮುಗಿದು. ಯಾರೂ ಮುಟ್ಟಲಿಲ್ಲ. ಖಾದರಬಾಷಾನೂ ಎತ್ತಿದ ಕೈ ಇಳಿಸಿದ. ಎಣ್ಣೆಗಾಯಿಯ ಹಬೆ ಆರುತ್ತ ಬಂತು. ಹಿರಿಯಳು ನಗುತ್ತ ತನ್ನ ಪಕ್ಕದಲ್ಲಿ ಇನ್ನೊಂದು ತಾಟಿಗೆ ಜಾಗ ಮಾಡಿ, ನನ್ನ ಕಡೆ ಕೈ ಚಾಚಿ ಅಂದಳು, “ವು ಮಾಂ-ಜೇ.”

“ಏನಂತಾಳವ್ವ?”

ಹುಡುಗಿ ಹಿರಿಯಳ ಜೊತೆ ಎರಡು ಮಾತಾಡಿ ನನ್ನ ಕಡೆ ತಿರುಗಿದಳು. “ಆಯಿ, ಅವರ ಕಡೆ ಮನಿ ಹಿರಿ ಹೆಂಗಸು ಮದಲ ತುತ್ತು ತೊಗೊಳ್ಳುತನಕ ಯಾರೂ ಮುಟ್ಟಂಗಿಲ್ಲಂತ.”

“ಇದೆಂಥಾ ಪದ್ಧತೀನ ಯವ್ವಾ! ನಮ್ಮ ಕಡೆ ಮನಿ ಹಿರಿ ಹೆಂಗಸು ಎಲ್ಲಾರ ಕಡೀಕ ಉಣ್ತಾಳ.”

“ಮತ್ತ ನೀನ ಎಲ್ಲಾರಕಿಂತ ಮದಲ ‘ಜ ಮಾಂಜ್’ ಅಂದಿಯಲ್ಲ. ನಾ ಉಣ್ತೇನಿ ಅಂದಾಕಿ ಉಣಬೇಕಲ್ಲ?”

“ಉಪವಾಸ ಐತಿ, ನಾ ಉಣ್ಣೂದಿಲ್ಲ ಅಂತ ಹೇಳವ್ವ!”

ಹುಡುಗಿ ಪುಸ್ತಕ ಎದೆಗವಚಿಕೊಂಡು ನನ್ನನ್ನೇ ನೋಡಿದಳು. “ಉಣ್ಣೂದಿಲ್ಲ ಅನ್ನೂದು ಮುಂದಿನ ಪಾಠ ಆಯಿ. ನೀ ಬ್ಯಾಡ ಅಂದಿ.”

ಎಂಟು ಜೊತೆ ನೀಲಿ ಕಣ್ಣು, ಒಂದು ಜೊತೆ ಖಾದರಬಾಷಾನವು, ಎಲ್ಲ ನನ್ನ ಬಾಯಿಯ ಮೇಲೆ. ನಾನು ಕೈ ಅಲ್ಲಾಡಿಸಿದೆ, ಅವರು ಅದನ್ನು ನಾಚಿಕೆ ಎಂದುಕೊಂಡರು. ಆಕಾಶ ತೋರಿಸಿ ದೇವರು ಎಂದೆ, ಅವರೂ ಆಕಾಶಕ್ಕೆ ಕೈ ಮುಗಿದರು. ತುಂಬಿದ ತಾಟಿನ ಮುಂದೆ ಅತಿಥಿಗಳು ಹಸಿದು ಕೂತರೆ ಆ ಮನೆಯ ವ್ರತಕ್ಕೆ ಏನು ಬೆಲೆ? ಕೂತೆ. ರೊಟ್ಟಿ ಮುರಿದೆ. ಎಣ್ಣೆಗಾಯಿ ಅದ್ದಿದೆ. ಸಾವಿರದ ಆರುನೂರ ಹತ್ತನೆಯ ಸೋಮವಾರ ಬದನೆಕಾಯಿಯ ಜೊತೆ ಗಂಟಲಲ್ಲಿ ಇಳಿದುಹೋಯಿತು. (ರುಚಿಯಾಗಿತ್ತು. ಸುಳ್ಳು ಹೇಳುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ.)

“ಇನ್ನೊಂದು ರೊಟ್ಟಿ ಹಾಕಲೇನ್ರಿ ಅತ್ತೀ?” ಚಂದವ್ವನ ದನಿಯಲ್ಲಿ ಅಷ್ಟು ಜೇನು ನಾನು ಯಾವತ್ತೂ ಕೇಳಿರಲಿಲ್ಲ. ಹಾಕಿ, ತಾನೂ ಒಂದು ತಾಟು ತಂದು ನನ್ನ ಮಗ್ಗುಲಲ್ಲಿ ಕೂತಳು. “ಹಿರಿಯರ ಮುರದ ಮ್ಯಾಲೆ ನಮ್ಮದೇನೈತ್ರಿ?” ಹತ್ತೊಂಬತ್ತು ವರ್ಷದ ಹಸಿವನ್ನು ಅವಳು ಅವತ್ತೇ ತೀರಿಸಿಕೊಂಡಳು.

ಮಾತಿನಂತೆ ಅಮಾತೆಪ್ಪ ಮಗಳನ್ನು ತಾನೇ ಬಾಗಲಕೋಟೆಯ ಬಸ್ಸಿಗೆ ಕೂಡಿಸಿ ಬಂದ. “ತಿಳಿಯೂ ಭಾಷಾ ಐತಿ ಬಿಡು. ತಿಳಿಯೂದ ಸ್ವಲ್ಪ ಹೆಚ್ಚ ಆತು,” ಎಂದಷ್ಟೇ ಅಂದ. ಪಾಂಡಪ್ಪ ಕಲ್ಲಿನ ಧೂಳು ಸಾಕಾಗಿ ಎರಡನೇ ಮಗ್ಗಕ್ಕೆ ಮರಳಿ ಬಂದ. ಡಿಸೆಂಬರ್ ಕೊನೆಗೆ ಹುಡುಗಿಯ ಕಾರ್ಡು ಬಂತು. ಬೆರಳಿಟ್ಟು ನಾನೇ ಓದಿದೆ: ಬಾಯಿ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹದಿನೇಳು. ಮೇಜಿನ ಕೆಳಗೆ ಯಾಕೆ ಕಾಲು ಬಡಿಯುತ್ತೀ ಎಂದು ಕೃಷ್ಣಾಜಿ ಮಾಸ್ತರ ಒಂದು ಅಂಕ ಕಡಿದರಂತೆ. ಉಳಿದ ಎರಡು ಎಲ್ಲಿ ಹೋದವು ಎಂದು ಬರೆದಿರಲಿಲ್ಲ. ಕೇಳಿ ಕಾರ್ಡು ಹಾಕಿಸಿದ್ದೇನೆ.

ನನ್ನ ಗತಿ? ಅತ್ತೆಯ ಕಟ್ಟಳೆ ಗೊತ್ತಲ್ಲ, ಎಣಿಕೆ ಮುರಿದರೆ ಮತ್ತೆ ಒಂದರಿಂದ. ಅರವತ್ತಾರನೆಯ ವಯಸ್ಸಿನಲ್ಲಿ ಮೊದಲನೆಯ ಸೋಮವಾರದಿಂದ ಶುರು ಮಾಡಿದೆ. ಚಂದವ್ವ ಮಾತ್ರ ಶುರು ಮಾಡಲಿಲ್ಲ. ಹುಡುಗಿ ಬಸ್ ಹತ್ತುವ ಮುಂಚೆ ಅವಳಿಂದ ‘ಇಲ್ಲ’ದ ಪಾಠವನ್ನು ಪೂರಾ ಹೇಳಿಸಿಕೊಂಡಿದ್ದೆ. ಹಿಂದೊಂದು ಮುಂದೊಂದು ತುಂಡು ಕೂಡಿಸಿದರಾಯಿತು: ಜ ನ ಮಾಂಜ್ ಪಾ. ನಾನು ಉಣ್ಣುವುದಿಲ್ಲ. ದಿನಾಲು ಹುಣಸೆ ಬೀಜ ಇಟ್ಟುಕೊಂಡು ಆರೂ ಸಾಲು ಗಟ್ಟಿ ಮಾಡಿದೆ, ಕೈ ತೋರಿಸುವುದರ ಸಮೇತ. ಒಮ್ಮೆ ಸುಟ್ಟುಕೊಂಡವಳು ನಾನು.

ನನ್ನ ಹೊಸ ಲೆಕ್ಕದ ಎಂಟನೆಯ ಸೋಮವಾರ. ಖಾದರಬಾಷಾ ಮತ್ತೆ ಆರು ಮಂದಿಯನ್ನು ತರುತ್ತಾನೆಂದು ಗುಲಾಬಬಿ ಹಿಂದಿನ ದಿನವೇ ಹೇಳಿ ಹೋಗಿದ್ದಳು. ಟೊಪ್ಪಿಗೆಯ ಹಿರಿಯಳು ತನ್ನ ಊರಿನವರಿಗೆ ನಮ್ಮ ಮನೆಯ ವಿಳಾಸ ಬರೆದುಕೊಟ್ಟಿದ್ದಳಂತೆ, ಇಂಥ ಊಟ ಎಲ್ಲೂ ಸಿಗುವುದಿಲ್ಲವೆಂದು. ಇದನ್ನು ಕೇಳಿ ಚಂದವ್ವ ಹಿಗ್ಗಿ ಹೀರೇಕಾಯಿಯಾದಳು. ನಸುಕಿನಲ್ಲೆದ್ದು ನಲವತ್ತು ರೊಟ್ಟಿ ಬಡಿದಳು. ಎಣ್ಣೆಗಾಯಿಯ ಜೊತೆಗೆ ಶೇಂಗಾ ಹೋಳಿಗೆಯನ್ನೂ ಮಾಡಿದಳು. ಈ ಸಲ ಅವಳ ಕೈಯ ಕೆಳಗೆ ನಾನಿರಲಿಲ್ಲ.

ಆರು ಮಂದಿ ಬಂದರು, ಮಗ್ಗ ನೋಡಿದರು, ಬೂಟು ಬಿಚ್ಚಿ ಸಾಲಾಗಿ ಕೂತರು. ತಾಟು ಬಂದವು. ಎಲ್ಲರೂ ಕೈ ಮಡಚಿ ನಗುತ್ತ ನನ್ನ ಮುಖ ನೋಡಿದರು. ನಾನು ತಯಾರಿದ್ದೆ. ಒಂದೇ ಸಾಲು ಹೇಳಿ ಪಾರಾಗುವುದೆಂದು ನಿರ್ಧರಿಸಿದ್ದೆ. ಎದೆ ಮುಟ್ಟಿಕೊಂಡು, ಮೆತ್ತಗೆ, ತುಂಡು ತುಂಡಾಗಿ:

“ಜ ನ ಮಾಂಜ್ ಪಾ.”

ಅವರು ತಲೆಯಾಡಿಸಿದರು. ಸರಿ, ಅಜ್ಜಿ ಉಣ್ಣುವುದಿಲ್ಲ. ಒಬ್ಬ ಗಂಡಸು ರೊಟ್ಟಿಗೆ ಕೈ ಹಾಕಿಯೂ ಹಾಕಿದ. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಬದುಕುತ್ತಿದ್ದೆ, ಅವರೂ ಬದುಕುತ್ತಿದ್ದರು. ಆದರೆ ಐವತ್ತು ವರ್ಷದ ನಾಲಗೆ ನಿಲ್ಲಬೇಕಲ್ಲ! ಬೆರಳು ತಾನಾಗಿ ಎದ್ದು ಆ ಗಂಡಸಿನ ಕಡೆ ಹೋಯಿತು. “ತು ನ ಮಾಂಜ್ ಪಾ.” ಅವನ ಕೈ ಹಿಂದೆ ಬಂತು. “ಇಲ್ ನ ಮಾಂಜ್ ಪಾ.” ಅಮಾತೆಪ್ಪ ಮಗ್ಗದಲ್ಲಿ ಕಣ್ಣರಳಿಸಿದ. ನಿಲ್ಲು ಸಂಗವ್ವ, ನಿಲ್ಲು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೈ ಆಗಲೇ ಸುತ್ತು ಹಾಕುತ್ತಿತ್ತು. “ನು ನ ಮಾಂ-ಜೊಂ ಪಾ.” ಪಡಸಾಲೆಯುದ್ದಕ್ಕೂ, “ವು ನ ಮಾಂ-ಜೇ ಪಾ.” ಬಾಗಿಲಾಚೆ ಖಾದರಬಾಷಾನಿಗೆ, “ಇಲ್ ನ ಮಾಂಜ್ ಪಾ!”

ಉಚ್ಚಾರ ಅದೆಷ್ಟು ಸ್ವಚ್ಛವಾಗಿತ್ತೆಂದರೆ, ಯಾರೂ ಎರಡನೆಯ ಸಲ ಕೇಳಲಿಲ್ಲ. ಆರೂ ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಬಹಳ ಮರ್ಯಾದೆಯಿಂದ ಎದ್ದು, ಕೈ ಮುಗಿದು, ಬೂಟು ಹಾಕಿಕೊಂಡು ಗಾಡಿ ಹತ್ತಿದರು.

“ಏನಂದ್ರಿ ಅವ್ವಾರ ಅವರಿಗೆ?” ಎಂದು ಖಾದರಬಾಷಾ ಓಡಿ ಬಂದ. “ಹೊಂಟ ನಡದ್ರಲ್ಲ! ನಾ ಮುಂಜಾನಿಂದ ಏನೂ ತಿಂದಿಲ್ರಿ!”

ಚಂದವ್ವ ನಲವತ್ತು ರೊಟ್ಟಿಯ ಬುಟ್ಟಿ ಹಿಡಿದು ನಡುಮನೆಯಲ್ಲಿ ನಿಂತಿದ್ದಳು. ಅವಳ ಮುಖ ವರ್ಣಿಸುವಷ್ಟು ಅಕ್ಷರ ನನಗೆ ಬರುವುದಿಲ್ಲ. ಅಮಾತೆಪ್ಪ ಕುಣಿಯಿಂದ ಮೇಲೆ ಬಂದ. ನಗು ತಡೆದು ತಡೆದು ಅವನ ಕಣ್ಣಲ್ಲಿ ನೀರು ಬಂದಿತ್ತು. ಗಾಡಿ ಬಿಡಬೇಡವೆಂದು ಖಾದರಬಾಷಾನಿಗೆ ಹೇಳಿ, ತಾನೇ ಅದರ ಕಿಟಕಿಯ ಹತ್ತಿರ ಹೋಗಿ ನಿಂತ. ಈ ಭಾಷೆ ಒಬ್ಬ ಮನುಷ್ಯನಿಗೂ ತಿಳಿಯುವುದಿಲ್ಲ ಎಂದಿದ್ದ ನನ್ನ ಮಗ, ಎದೆ ಮುಟ್ಟಿಕೊಂಡು ಅಂದ:

“ಜ ಮಾಂಜ್. ವು ಮಾಂ-ಜೇ!”

ಗಾಡಿಯ ಬಾಗಿಲು ತೆರೆಯಿತು. ಆರು ಜೊತೆ ಬೂಟು ಮತ್ತೆ ಹೊಸ್ತಿಲ ಹೊರಗೆ ಸಾಲಾದವು. ಅಮಾತೆಪ್ಪ ಕೂತು ಮೊದಲ ತುತ್ತು ತಿಂದ. ಎಲ್ಲರೂ ಕೈ ಹಾಕಿದರು. ಎಣ್ಣೆಗಾಯಿಯ ವಾಸನೆ ಪಡಸಾಲೆ ತುಂಬಿತು. ನನಗೂ ಒಂದು ಶೇಂಗಾ ಹೋಳಿಗೆ ಕೊಡಲು ಬಂದವರೊಳಗಿನ ಒಬ್ಬಳು ಹುಡುಗಿ ತಾಟು ಎತ್ತಿದಳು. ಅಮಾತೆಪ್ಪ ಬಾಯಿತುಂಬ ರೊಟ್ಟಿ ಇಟ್ಟುಕೊಂಡೇ ಅವಳನ್ನು ತಡೆದು, ನನ್ನ ಕಡೆ ಬೆರಳು ಮಾಡಿ, ಒಂದು ತುಂಡೂ ನುಂಗದೆ ಹೇಳಿದ:

“ತು ನ ಮಾಂಜ್ ಪಾ.”

ಆ ಫ್ರೆಂಚ್ ಹುಡುಗಿ ಹೋಳಿಗೆಯನ್ನು, ತಮಾಷೆ ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಗುಲಾಬಬಿಗೆ ಕೊಟ್ಟಳು. ನಾನು ಗೋಡೆಗೆ ಒರಗಿ ಹುಣಸೆ ಬೀಜ ಎಣಿಸುತ್ತ ಕೂತೆ. ದೀಪ ಹಚ್ಚಲು ಇನ್ನೂ ಐದು ತಾಸಿತ್ತು.